ಹಾಜ್ಜಾ ಮಬ್ರೂಕಾರ ಟಗರು

ನನ್ನ ಹೆಂಡತಿ ವಾಸಿಲಾಗೆ ಹೆದರಿಕೆ ಎಂಬುದೇ ಗೊತ್ತಿಲ್ಲ ಎಂದು ಕಸಂತೀನಾದಲ್ಲಿ ನಮ್ಮ ಬೀದಿಯವರು ಹೇಳುತ್ತಾರೆ. ವಿದ್ಯುತ್ ಕಚೇರಿಯ ಅಧಿಕಾರಿಯನ್ನು ಅವಳು ಕುರ್ಚಿಯಿಂದ ಎಬ್ಬಿಸಿ, ಮೀಟರು ನೋಡುವುದಕ್ಕೆ ನಮ್ಮ ಮನೆಯ ತನಕ ನಡೆಸಿಕೊಂಡು ಬಂದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಕಮರಿಯ ಮೇಲಿನ ತೂಗುಸೇತುವೆ ಗಾಳಿಗೆ ಅಲುಗಾಡುತ್ತಿರುವಾಗ ಅದರ ನಟ್ಟನಡುವೆ ನಿಂತು ಫೋನಿನಲ್ಲಿ ತಂಗಿಯೊಡನೆ ಜಗಳವಾಡಬಲ್ಲಳು. ಆದರೆ ಸಮುದ್ರದ ಮಾತು ಬೇರೆ. ಎಳೆಯ ವಯಸ್ಸಿನಲ್ಲಿ ಸ್ಕಿಕ್ದಾದ ದಂಡೆಯಲ್ಲಿ ಒಂದು ಅಲೆ ಅವಳನ್ನು ಉರುಳಿಸಿ, ಮೂಗು ಬಾಯಿಗೆಲ್ಲ ಮರಳು ತುಂಬಿ, ಕಾಲಿನ ಚಪ್ಪಲಿಯನ್ನೂ ಕಿತ್ತುಕೊಂಡು ಹೋಗಿತ್ತಂತೆ. ಅಂದಿನಿಂದ ಅವಳಿಗೂ ಸಮುದ್ರಕ್ಕೂ ಮಾತಿಲ್ಲ. ಬೇಸಿಗೆ ಬಂದರೆ ನನಗಾಗಿ, ಮಗಳು ಮಾನೆಲ್‌ಗಾಗಿ ದಂಡೆಗೆ ಬರುತ್ತಿದ್ದಳು. ಬಂದು, ಕೊಡೆಯ ಕೆಳಗೆ ಕುರ್ಚಿ ಹಾಕಿಕೊಂಡು, ನೀರಿಗೆ ಬೆನ್ನು ತಿರುಗಿಸಿ ಕೂರುತ್ತಿದ್ದಳು.

ಆ ವರ್ಷ ಬಕ್ರೀದ್ ಆಗಸ್ಟ್ ತಿಂಗಳಿಗೆ ಬಿತ್ತು. ಬೇಸಿಗೆ ರಜೆ ಮತ್ತು ಹಬ್ಬ ಎರಡೂ ಒಟ್ಟಿಗೇ. ನಮ್ಮ ಅಲ್ಜೀರಿಯಾದವರು ಬೇಸಿಗೆಯಲ್ಲಿ ಗಡಿ ದಾಟಿ ಟುನೀಸಿಯಾಕ್ಕೆ ಹೋಗುವುದು ಹೊಸದಲ್ಲ. ಆದರೆ ಹಬ್ಬದ ದಿನ ಸ್ವಂತ ಮನೆ ಬಿಟ್ಟಿರುವುದೆಂದರೆ ಹಗುರವಾದ ಮಾತಲ್ಲ. ನನ್ನ ಅಣ್ಣ ಸುದ್ದಿ ಕೇಳಿ ಮುಖ ಊದಿಸಿಕೊಂಡ. ಕೊನೆಗೆ ಅವನೇ ಕರಗಿ, ನಿಮ್ಮ ಮನೆಯ ಕುರ್ಬಾನಿಯನ್ನೂ ಇಲ್ಲೇ ಮಾಡಿಸುತ್ತೇನೆ, ಹೋಗಿ ಬನ್ನಿ ಎಂದ. ನಾನು ನನ್ನ ಕನ್ನಡಕದ ಅಂಗಡಿಗೆ ಬೀಗ ಹಾಕಿದೆ. ಮಹ್ದಿಯಾದಲ್ಲಿ ದಂಡೆಗೆ ಹತ್ತಿರದ ಮನೆಯೊಂದನ್ನು ಲಲ್ಲಾ ಬೇಯಾ ಎಂಬಾಕೆ ಬಾಡಿಗೆಗೆ ಕೊಡುತ್ತಾರೆಂದು ಗಿರಾಕಿಯೊಬ್ಬರು ಹೇಳಿದ್ದರು. ಫೋನಿನಲ್ಲೇ ಮಾತು ಮುಗಿಯಿತು.

ತೆಬೆಸ್ಸಾದ ಹತ್ತಿರ ಗಡಿಯಲ್ಲಿ ಕಾದು ಕಾದು, ಕಸ್ಸರಿನ್‌ನ ಬಿಸಿಲಿನಲ್ಲಿ ಬೆಂದು, ಮಹ್ದಿಯಾ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ನೀಲಿ ಬಾಗಿಲಿನ ಮನೆ ಸುಲಭವಾಗಿ ಸಿಕ್ಕಿತು. ಬಾಗಿಲು ತೆರೆದೇ ಇತ್ತು. ಅಂಗಳದಲ್ಲಿ ದಪ್ಪ ಮೈಯ, ಅಗಲ ಮುಖದ ಹೆಂಗಸೊಬ್ಬರು ಮಣೆಯ ಮೇಲೆ ಕೂತು ಮೀನು ಹೆಚ್ಚುತ್ತಿದ್ದರು. ಅವರ ಕನ್ನಡಕದ ಒಂದು ಕಡ್ಡಿ ಮುರಿದು ಅದಕ್ಕೆ ನೂಲು ಸುತ್ತಿದ್ದು ನನ್ನ ಕಣ್ಣಿಗೆ ಮೊದಲು ಬಿತ್ತು. ನಮ್ಮನ್ನು, ನಮ್ಮ ಪೆಟ್ಟಿಗೆಗಳನ್ನು, ನಿದ್ದೆಗಣ್ಣಿನ ಮಾನೆಲ್‌ಳನ್ನು ನೋಡಿದ್ದೇ ಚಾಕು ಕೆಳಗಿಟ್ಟರು.

"ಬರ್ರಿ, ಒಳಗ ಬರ್ರಿ. ದಣದು ಬಂದೀರಿ. ಮೊದಲು ಊಟ, ಆಮ್ಯಾಲೆ ಮಾತು," ಎಂದರು.

ಇವರೇ ಮನೆಯೊಡತಿ ಎಂದು ನಾವು ತಿಳಿದೆವು. ಮಾತಿನ ಧಾಟಿ ಲಿಬಿಯಾದ ಕಡೆಯದು ಅನ್ನಿಸಿತು. ಮದುವೆಯಾಗಿ ಈ ಊರಿಗೆ ಬಂದಿರಬಹುದು ಅಂದುಕೊಂಡೆವು. ಕೈಕಾಲು ತೊಳೆದು, ಪೆಟ್ಟಿಗೆ ಒಳಗಿಟ್ಟು ದಣಿವಾರಿಸಿಕೊಳ್ಳುವಷ್ಟರಲ್ಲಿ ದೊಡ್ಡ ಮರದ ಬೋಗುಣಿ ಬಂತು. ಅದರ ನಡುವೆ ಬಾರ್ಲಿ ಹಿಟ್ಟಿನ ಮುದ್ದೆ, ಸುತ್ತ ಕೆಂಪಗೆ ಮೀನಿನ ಸಾರು. ಮೂವತ್ತರ ಆಸುಪಾಸಿನ, ತೆಳ್ಳನೆಯ ಗಡ್ಡದ ಮಗ ಒಬ್ಬ ಸುಮ್ಮನೆ ಬಂದು, ನೀರಿನ ಹೂಜಿ ಇಟ್ಟು, ನಮ್ಮ ಜೊತೆಗೇ ಕೂತ. ನಾವೆಲ್ಲ ಒಂದೇ ಬೋಗುಣಿಯಿಂದ ಕೈಯಲ್ಲಿ ಮುರಿದು ಅದ್ದಿ ಉಂಡೆವು. ವಾಸಿಲಾ ಬೇರೆಯವರ ಅಡುಗೆಯನ್ನು ಹೊಗಳುವವಳಲ್ಲ. ಆ ದಿನ ಬೆರಳು ನೆಕ್ಕಿಕೊಂಡು, "ಲಲ್ಲಾ ಬೇಯಾ, ಇಂಥ ಸಾರು ನಾನು ಉಂಡೇ ಇರ್ಲಿಲ್ಲ," ಎಂದಳು.

ಆ ಹೆಂಗಸು ಕತ್ತೆತ್ತಿ ಮಗನ ಮುಖ ನೋಡಿದರು. ಮಗ ನನ್ನ ಮುಖ ನೋಡಿದ.

"ಬೇಯಾ ಯಾರು?" ಎಂದು ಅವರು ಕೇಳಿದರು.

ಆಗಲೇ ಪಕ್ಕದ ಗೋಡೆಯ ಬಾಗಿಲಿನಿಂದ ನಿಜವಾದ ಲಲ್ಲಾ ಬೇಯಾ ಕೈಯಲ್ಲಿ ಬೀಗದ ಕೈ ಹಿಡಿದು ಬಂದರು. ಸಣ್ಣ ಆಳು, ಚುರುಕು ಕಣ್ಣು. ಅಂಗಳದಲ್ಲಿ ಐದು ಜನ ಒಂದೇ ಬೋಗುಣಿಯ ಸುತ್ತ ಕೂತಿರುವುದನ್ನು ಕಂಡು ಅವರ ಕಾಲು ಹೊಸ್ತಿಲಲ್ಲೇ ನಿಂತಿತು. ಸ್ವಲ್ಪ ಹೊತ್ತಿನಲ್ಲಿ ಎಲ್ಲ ಬಯಲಾಯಿತು. ಬೇಯಾ ಮನೆಯನ್ನು ನಮಗೆ ಕೊಟ್ಟಿದ್ದರು; ಅವರಿಗೆ ತಿಳಿಯದೆ ಅವರ ತಮ್ಮ ಹೇದಿ ಅದೇ ಮನೆಯನ್ನು, ಅದೇ ದಿನಗಳಿಗೆ, ಲಿಬಿಯಾದ ಮಿಸ್ರಾತಾದಿಂದ ಬಂದು ಅಂದು ಬೆಳಿಗ್ಗೆಯಷ್ಟೇ ಈ ಮನೆಗೆ ಇಳಿದಿದ್ದ ಹಾಜ್ಜಾ ಮಬ್ರೂಕಾ ಮತ್ತು ಅವರ ಮಗ ಮಿಫ್ತಾಹ್‌ಗೆ ಕೊಟ್ಟಿದ್ದ. ಬೇಯಾ ಅಲ್ಲೇ ನಿಂತು ತಮ್ಮನಿಗೆ ಫೋನು ಮಾಡಿ, ಅವನ ಜನ್ಮ ಜಾಲಾಡಿದರು. ಊರಲ್ಲಿ ಹಬ್ಬದ ತನಕ ಒಂದು ಕೋಣೆಯೂ ಖಾಲಿ ಇಲ್ಲವೆಂದು ಅವರೇ ಹೇಳಿದರು. ವಾಸಿಲಾ ತೋಳು ಮೇಲಕ್ಕೆ ಸರಿಸಿಕೊಂಡಳು. ವಿದ್ಯುತ್ ಕಚೇರಿಯ ಅಧಿಕಾರಿಗೆ ಬಂದ ಗತಿ ಈಗ ಯಾರಿಗೆ ಬರುತ್ತದೋ ಎಂದು ನಾನು ನೋಡುತ್ತಿದ್ದೆ.

ಹಾಜ್ಜಾ ಬೋಗುಣಿಯ ಅಂಚನ್ನು ಬೆರಳಿನಿಂದ ತಟ್ಟಿದರು. "ಒಂದ ಬೋಗುಣಿಯಾಗ ಉಂಡ ಮ್ಯಾಲೆ ಇನ್ನೆಂಥಾ ಜಗಳವ್ವ. ಮೂರು ಖೋಲಿ ಅದಾವ. ನಾವು ಇಬ್ರೇ. ರಾತ್ರಿ ಆತಂದ್ರ ಈ ಹುಡುಗ ಬಾಯಿ ಬಿಡೂದಿಲ್ಲ, ನಾನು ಗೋಡಿ ಜೋಡಿ ಮಾತಾಡ್ಕೋತ ಕುಂತಿರತೀನಿ. ಇರ್ರಿ ನೀವು."

ವಾಸಿಲಾ ತೋಳನ್ನು ಮತ್ತೆ ಕೆಳಕ್ಕೆ ಎಳೆದುಕೊಂಡಳು. ಅವಳು ಅಷ್ಟು ಬೇಗ ಸೋತದ್ದನ್ನು ನಾನು ಕಂಡಿರಲೇ ಇಲ್ಲ.

ಹೀಗೆ ನಾವು ಒಂದೇ ಮನೆಯವರಾದೆವು. ಮೊದಲ ಒಂದೆರಡು ದಿನ ಸ್ನಾನದ ಮನೆಯ ಮುಂದೆ ಗಂಟಲು ಸರಿ ಮಾಡಿಕೊಳ್ಳುವುದು, ಒಬ್ಬರಿಗೊಬ್ಬರು ದಾರಿ ಬಿಡುವುದು ಎಲ್ಲ ನಡೆಯಿತು. ಆಮೇಲೆ ಮರೆತುಹೋಯಿತು. ಬೆಳಗಿನ ಕಾಫಿ ನಮ್ಮದು, ಸಂಜೆಯ ಚಹಾ ಅವರದು. ಮಿಫ್ತಾಹ್ ಚಹಾವನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಹೊಯ್ದು ಹೊಯ್ದು, ನೊರೆ ಬರುವ ತನಕ ಬಿಡುತ್ತಿರಲಿಲ್ಲ. ಮೇಲೆ ಹುರಿದ ಕಡಲೆಕಾಯಿ ಬೀಜ ಹಾಕಿ ಕೊಡುತ್ತಿದ್ದ. ಇಡೀ ಸಂಜೆ ನಾವಿಬ್ಬರೂ ಇಸ್ಪೀಟು ಆಡಿ, ನಾಲ್ಕು ಮಾತು ಆಡಿದ್ದರೆ ಅದೇ ಹೆಚ್ಚು. ಆದರೂ ಅವನ ಜೊತೆ ಕೂತರೆ ಹೊತ್ತು ಹೋಗುತ್ತಿತ್ತು. ನಾನು ಹಾಜ್ಜಾರ ಕನ್ನಡಕದ ನೂಲು ಬಿಚ್ಚಿ, ಕಾರಿನಲ್ಲಿದ್ದ ನನ್ನ ಪೆಟ್ಟಿಗೆಯಿಂದ ಹೊಸ ಕಡ್ಡಿ ಹಾಕಿಕೊಟ್ಟೆ. ಹಾಜ್ಜಾರನ್ನು ಮಾನೆಲ್, ಲಿಬಿಯಾದ ಮಕ್ಕಳು ಅಜ್ಜಿಯನ್ನು ಕರೆಯುವ ಹಾಗೆ 'ಹನ್ನಾ' ಎಂದು ಕರೆಯತೊಡಗಿದಳು. ಅವರು ಹೇಳಿಕೊಟ್ಟದ್ದಲ್ಲ, ಮಿಸ್ರಾತಾದಿಂದ ಬರುವ ಫೋನುಗಳನ್ನು ಕೇಳಿ ಅವಳೇ ಕಲಿತದ್ದು.

ಹಾಜ್ಜಾ ಟುನೀಸಿಯಾಕ್ಕೆ ಬಂದದ್ದು ಮೊಣಕಾಲಿನ ಚಿಕಿತ್ಸೆಗೆ. ಸ್ಫಾಕ್ಸ್‌ನ ವೈದ್ಯರು ಶಸ್ತ್ರಚಿಕಿತ್ಸೆ ಮುಗಿಸಿ, ದಿನವೂ ಸೊಂಟದ ತನಕ ಸಮುದ್ರದ ನೀರಿನಲ್ಲಿ ನಡೆಯಬೇಕು ಎಂದಿದ್ದರಂತೆ. ಅವರು ಕಾಲಿನ ತುದಿಯವರೆಗಿನ ನಿಲುವಂಗಿಯಲ್ಲೇ, ತಲೆಗೆ ವಸ್ತ್ರ ಬಿಗಿದುಕೊಂಡು, ದೊಡ್ಡ ದೋಣಿ ಬಂದರಿನಿಂದ ಹೊರಟ ಹಾಗೆ ನೀರಿಗಿಳಿಯುತ್ತಿದ್ದರು. ಒಂದು ದಿನ ಮಿಫ್ತಾಹ್ ಯಾವುದೋ ಔಷಧಿಗೆ ಹೋಗಿದ್ದಾಗ ಅವರು ವಾಸಿಲಾಳ ಕುರ್ಚಿಯ ಹತ್ತಿರ ಬಂದು, ನೀರಿನ ತನಕ ಕೈ ಹಿಡಿದುಕೋ ಎಂದು ಕೇಳಿದರು. ನಾನು ಅಂಥದ್ದನ್ನು ಕೇಳಿದ್ದರೆ ಏನು ಉತ್ತರ ಬರುತ್ತಿತ್ತೋ ನನಗೆ ಗೊತ್ತಿತ್ತು. ವಾಸಿಲಾ ಎದ್ದಳು. ಕೈ ಹಿಡಿದು ನಡೆಸಿಕೊಂಡು ಹೋದಳು. ಒದ್ದೆ ಮರಳು ಮುಗಿಯುವಲ್ಲಿ ನಿಂತಳು.

ಇನ್ನೂ ಒಂದು ಹೆಜ್ಜೆ ಎಂದು ಹಾಜ್ಜಾ ಅಂದಿರಬೇಕು. ವಾಸಿಲಾ ಒಲ್ಲೆನೆಂದು ತಲೆಯಾಡಿಸಿದ್ದು ಕಾಣಿಸಿತು. ಅವರು ಒತ್ತಾಯ ಮಾಡಲಿಲ್ಲ. ಆದರೆ ಮರುದಿನವೂ ಅವಳನ್ನೇ ಕರೆದರು, ಅದರ ಮರುದಿನವೂ. ನಾಲ್ಕಾರು ದಿನಗಳಲ್ಲಿ ವಾಸಿಲಾ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಹಾಜ್ಜಾ ಹಿಂದಿರುಗುವುದನ್ನು ಕಾಯುವಷ್ಟಾದಳು. ನಾನು ಏನೂ ನೋಡದವನಂತೆ ಇದ್ದೆ.

ಹಬ್ಬ ಹತ್ತಿರವಾಯಿತು. ಮಹ್ದಿಯಾದ ಓಣಿಗಳಲ್ಲಿ ಮಕ್ಕಳು ಟಗರುಗಳನ್ನು ಹಗ್ಗ ಹಿಡಿದು ತಿರುಗಾಡಿಸುತ್ತಿದ್ದರು. ರಾತ್ರಿ ಮಾಳಿಗೆಗಳ ಮೇಲಿನಿಂದ ಬ್ಯಾ ಎಂಬ ಸದ್ದು. ಊರಿಗೆ ಫೋನು ಮಾಡಿದಾಗ ಅಣ್ಣನ ಮನೆಯ ಗಲಾಟೆ ಕೇಳಿ ವಾಸಿಲಾ ಬೇಗನೆ ಮಾತು ಮುಗಿಸಿಬಿಟ್ಟಳು. ಆ ಹೊತ್ತಿನಲ್ಲೇ ಹಾಜ್ಜಾ ನನ್ನನ್ನು ಕರೆದು, ನಾನು ಒಂದು ಟಗರು ಕೊಳ್ಳಬೇಕು, ನೀನು ಆರಿಸಿಕೊಡು ಎಂದರು.

ನನಗೆ ಟಗರಿನ ವಿಷಯ ಅಷ್ಟೇನೂ ಗೊತ್ತಿಲ್ಲ, ಮಿಫ್ತಾಹ್ ಇದ್ದಾನಲ್ಲ ಎಂದೆ.

"ಮಿಫ್ತಾಹ್‌ಗ ಅವರಪ್ಪನ ಹೆಸರು ಎತ್ತಿದ್ರ ತಡಕೊಳ್ಳೂದು ಆಗೂದಿಲ್ಲ," ಎಂದರು ಹಾಜ್ಜಾ. "ನಲವತ್ತು ವರ್ಷ ನಮ್ಮ ಮನಿ ಟಗರು ನನ್ನ ಗಂಡನ ಆರಿಸ್ತಿದ್ದ. ಈ ವರ್ಷ ಅಂವ ಇಲ್ಲ. ಅದಕ್ಕಂತನ ಹಬ್ಬದ ಹೊತ್ತಿಗೆ ಊರಾಗ ಇರಬಾರದು ಅಂತ ನಾನು ಇಲ್ಲಿಗೆ ಬಂದದ್ದು, ಕಾಲು ಬರೇ ನೆವ. ಈಗ ನೋಡಿದ್ರ ಮನಿ ತುಂಬ ಮಂದಿ ಆಗ್ಯಾರ. ಟಗರು ಇಲ್ಲದ ಹೆಂಗ ನಡೀತದ ನನ್ನಪ್ಪಾ?"

ನಾನು ಇಲ್ಲವೆನ್ನಲಾರದೆ ಹೋದೆ. ಸಂತೆಯಲ್ಲಿ ನಾನೂ ಮಿಫ್ತಾಹೂ ಬಿಸಿಲಿನಲ್ಲಿ ಸುತ್ತಿದೆವು. ನಾನು ಬಲ್ಲವನಂತೆ ಟಗರುಗಳ ಬೆನ್ನು ಒತ್ತಿ ನೋಡಿದೆ, ತುಟಿ ಎತ್ತಿ ಹಲ್ಲು ನೋಡಿದೆ. ಕಣ್ಣನ್ನಂತೂ ನಿಜವಾಗಿಯೇ ಪರೀಕ್ಷಿಸಿದೆ. ಅದು ನನ್ನ ಕಸುಬು. ಕೊನೆಗೆ ಸುರುಳಿ ಕೊಂಬಿನ, ಕಪ್ಪು ಮೂತಿಯ, ಎದುರು ನಿಂತವರನ್ನು ನೇರ ದಿಟ್ಟಿಸುವ ಟಗರೊಂದರ ಮುಂದೆ ಮಿಫ್ತಾಹ್ ನಿಂತುಬಿಟ್ಟ. "ಅಪ್ಪ ಇಂಥಾದ್ದ ತರ್ತಿದ್ದ," ಎಂದ. ನಾನು ಮುಂದೆ ಏನನ್ನೂ ಒತ್ತಲಿಲ್ಲ, ಎತ್ತಲಿಲ್ಲ. ಅದನ್ನು ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದೆವು. ದಾರಿಯುದ್ದಕ್ಕೂ ಅದು ನನ್ನ ಕಿವಿಯ ಹಿಂದೆ ಉಸಿರು ಬಿಡುತ್ತಿತ್ತು.

ಹಬ್ಬದ ಹಿಂದಿನ ದಿನ ಅರಫಾತ್, ಉಪವಾಸದ ದಿನ. ಹಾಜ್ಜಾ ರೋಜಾ ಇದ್ದರು, ವಾಸಿಲಾ ಕೂಡ. ನಾನು ಪ್ರಯಾಣಿಕನೆಂಬ ನೆವ ಹೇಳಿ ತಪ್ಪಿಸಿಕೊಂಡಿದ್ದೆ. ಬಿಸಿಲು ಇಳಿದ ಮೇಲೆ ಎಲ್ಲರೂ ದಂಡೆಗೆ ಹೋದೆವು. ಊರಿನ ಅರ್ಧದಷ್ಟು ಟಗರುಗಳು ಅಲ್ಲೇ ಇದ್ದವು. ಹಬ್ಬಕ್ಕೆ ಮೊದಲು ಮೈ ತೊಳೆಸುವುದಕ್ಕೆ ಮಕ್ಕಳು ತಂದಿದ್ದರು. ಮಾನೆಲ್ ಹಟ ಮಾಡಿದಳೆಂದು ನಮ್ಮದನ್ನೂ ತಂದೆವು. ಮಿಫ್ತಾಹ್ ಹಗ್ಗವನ್ನು ವಾಸಿಲಾಳ ಕೊಡೆಯ ಕಂಬಕ್ಕೆ ಬಿಗಿದು, ಸೋಪು ಮರೆತೆನೆಂದು ಮನೆಗೆ ಹೋದ. ಹಾಜ್ಜಾ ಆಗಲೇ ಸೊಂಟದ ತನಕ ನೀರಿನಲ್ಲಿದ್ದರು. ವಾಸಿಲಾ ಅವರನ್ನು ಬಿಟ್ಟು ಬಂದು, ಎಂದಿನಂತೆ ಬೆನ್ನು ತಿರುಗಿಸಿ ಕೂತಿದ್ದಳು.

ಯಾರೋ ಪಡ್ಡೆ ಹುಡುಗರು ನೀರಿನ ಮೇಲೆ ಓಡಿಸುವ ಮೋಟಾರ್ ಬೈಕನ್ನು ದಂಡೆಗೆ ತೀರಾ ಹತ್ತಿರ ತಂದು ಗರ್ರೆಂದು ತಿರುಗಿಸಿದರು. ಟಗರು ಬೆಚ್ಚಿ ಎಗರಿತು. ಮಿಫ್ತಾಹ್ ಹಾಕಿದ ಗಂಟು ಗಟ್ಟಿಯಾಗಿತ್ತು, ಕಂಬ ಗಟ್ಟಿಯಾಗಿರಲಿಲ್ಲ. ಕೊಡೆ ಬುಡಸಮೇತ ಕಿತ್ತುಬಂದು ವಾಸಿಲಾಳ ತಲೆಯ ಮೇಲಿಂದ ಹಾರಿತು. ಬೆದರಿದ ಪ್ರಾಣಿ ಊರಿನ ಕಡೆಗೆ ಓಡಬಹುದಾಗಿತ್ತು. ಅದು ಸೀದಾ ಸಮುದ್ರಕ್ಕೆ ನುಗ್ಗಿತು.

ಟಗರು ಈಜುತ್ತದೆ ಎಂದು ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಕೊಂಬು ಮೇಲೆತ್ತಿ, ಮೂತಿ ಮುಂದೆ ಚಾಚಿ, ಯಾರೋ ಆಚೆ ದಡದಲ್ಲಿ ಕರೆದಿದ್ದಾರೆ ಎನ್ನುವ ಹಾಗೆ ಹೊರಟಿತು. ಹಿಂದೆ ಕೆಂಪು ಹಳದಿ ಪಟ್ಟೆಯ ಕೊಡೆ ತಲೆಕೆಳಗಾಗಿ ತೇಲಿಕೊಂಡು ಹೋಗುತ್ತಿತ್ತು. ಕಾವಲಿನ ಹುಡುಗ ಎತ್ತರದ ಕುರ್ಚಿಯ ಮೇಲೆ ಎದ್ದು ನಿಂತು ಟಗರಿಗೆ ಸೀಟಿ ಊದಿದ. ದಂಡೆಯವರೆಲ್ಲ ಎದ್ದು ನಗತೊಡಗಿದರು.

ಕೊಡೆ ತಮ್ಮ ಪಕ್ಕದಲ್ಲಿ ಹಾದುಹೋಗುವಾಗ ಹಾಜ್ಜಾ ಕಂಬವನ್ನು ಎರಡೂ ಕೈಯಲ್ಲಿ ಹಿಡಿದರು. ಟಗರು ನಿಲ್ಲಲಿಲ್ಲ. ಅವರು ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ ಎಳೆದುಕೊಂಡು ಹೋದರು. ನೀರು ಎದೆಗೆ ಬಂತು. ಮೊಣಕಾಲು ಸೋತಿರಬೇಕು, ಒಮ್ಮೆ ಪೂರ್ತಿ ಮುಳುಗಿ ಎದ್ದರು. ಆದರೂ ಕೈ ಬಿಡಲಿಲ್ಲ. ದಂಡೆಯ ನಗು ತಟ್ಟನೆ ನಿಂತಿತು.

ಮಾನೆಲ್ "ಹನ್ನಾ" ಎಂದು ಕೂಗಿದ್ದು ಕೇಳಿ ನಾನು ಎದ್ದೆ. ನಾನು ಏಳುವಷ್ಟರಲ್ಲಿ ವಾಸಿಲಾ ನೀರಿನಲ್ಲಿದ್ದಳು. ಅವಳು ಓಡಿದ್ದನ್ನು ನಾನು ಕಾಣಲಿಲ್ಲ. ಕುರ್ಚಿ ಬಿದ್ದಿತ್ತು, ಚಪ್ಪಲಿಗಳು ಒಂದೊಂದು ಕಡೆ ಇದ್ದವು, ಅವಳ ಹಸಿರು ಅಂಗಿ ಸೊಂಟದ ಸುತ್ತ ಉಬ್ಬಿ ನಿಂತಿತ್ತು. ಒಂದು ಅಲೆ ಅವಳ ಮುಖಕ್ಕೆ ಹೊಡೆಯಿತು. ಅವಳು ಬೀದಿಯಲ್ಲಿ ಅಡ್ಡ ಬಂದವರನ್ನು ಸರಿಸುವ ಹಾಗೆ ಅದನ್ನು ಕೈಯಿಂದ ತಳ್ಳಿ ಮುಂದೆ ನಡೆದಳು. ಹಾಜ್ಜಾರ ಕಂಕುಳಿಗೆ ತೋಳು ಹಾಕಿ ಎತ್ತಿ ನಿಲ್ಲಿಸಿದಳು. ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದು ಜಗ್ಗಿದಳು.

ನಾನೂ ನುಗ್ಗಿದೆ. ಮೊದಲ ಅಲೆಗೇ ನನ್ನ ಕನ್ನಡಕ ಹೋಯಿತು. ಆಮೇಲಿನದೆಲ್ಲ ನನಗೆ ಮಸುಕು. ಬೂದು ಬಣ್ಣದ ಗುಂಗುರು ಕೂದಲು ಕಂಡಿತು. ಟಗರೇ ಇದು ಎಂದು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದೆ. ಅದು ನಮ್ಮ ಸಹಾಯಕ್ಕೆಂದು ಈಜಿ ಬಂದಿದ್ದ ಸ್ಫಾಕ್ಸ್‌ನ ಒಬ್ಬ ಗೃಹಸ್ಥರ ತಲೆ. "ಬಿಡಿ ಸ್ವಾಮಿ, ನಾನು ಹಬ್ಬಕ್ಕಲ್ಲ," ಎಂದರು ಅವರು. ಅಷ್ಟರಲ್ಲಿ ಕಾವಲಿನ ಹುಡುಗನೂ ಇನ್ನಿಬ್ಬರೂ ಸೇರಿ ನಿಜವಾದ ಟಗರನ್ನು ಕೊಂಬು ಹಿಡಿದು ತಿರುಗಿಸಿದ್ದರು.

ಹಾಜ್ಜಾರನ್ನೂ ಟಗರನ್ನೂ ದಂಡೆಗೆ ತಂದೆವು. ಹಾಜ್ಜಾ ಒದ್ದೆ ಮರಳಿನ ಮೇಲೆ ಕಾಲು ಚಾಚಿ ಕೂತು ಏದುಸಿರು ಬಿಡುತ್ತಿದ್ದರು. ಕಾಲು ನೋಯುತ್ತಿದೆಯೇ, ಮಿಫ್ತಾಹ್‌ನನ್ನು ಕರೆಯಲೇ ಎಂದು ನಾವು ಕೇಳುತ್ತಿದ್ದರೆ ಅವರಿಗೆ ಬೇರೆಯದೇ ಚಿಂತೆ. "ಒಂದು ಗುಟುಕು ನೀರು ಒಳಗ ಹೋತವ್ವಾ. ನನ್ನ ರೋಜಾ ಮುರೀತೇನು?" ಬೇಕೆಂದು ಕುಡಿದದ್ದಲ್ಲವಲ್ಲ, ದೇವರು ನೋಡಿದ್ದಾನೆ ಎಂದು ಸ್ಫಾಕ್ಸ್‌ನ ಗೃಹಸ್ಥರು ತಲೆ ಸವರಿಕೊಳ್ಳುತ್ತಾ ಸಮಾಧಾನ ಹೇಳಿದರು. ಹಾಜ್ಜಾಗೆ ನಗು ಬಂತು. ನಗುತ್ತಾ ನಗುತ್ತಾ ಅವರ ಕಣ್ಣಲ್ಲಿ ನೀರು ಬಂತು. ಟಗರು ಮೈ ಕೊಡವಿ ನಮ್ಮೆಲ್ಲರ ಮೇಲೆ ಇನ್ನೊಂದು ಮಳೆ ಸುರಿಸಿತು.

ವಾಸಿಲಾ ಮಾತ್ರ ಇನ್ನೂ ನೀರಿನಲ್ಲೇ ನಿಂತಿದ್ದಳು. ನಾನು ಹತ್ತಿರ ಹೋದೆ. ಕನ್ನಡಕವಿಲ್ಲದೆ ಅವಳ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಅಳುತ್ತಿದ್ದಾಳೆ ಅಂದುಕೊಂಡೆ. ಅವಳು ಅಂಗೈಯಿಂದ ನೀರನ್ನು ಎತ್ತಿ ಚೆಲ್ಲಿ, ಮತ್ತೆ ಎತ್ತಿ ಚೆಲ್ಲಿ ನೋಡುತ್ತಿದ್ದಳು.

"ಇದು ಬೆಚ್ಚಗಿದೆ ಕಣ್ರೀ," ಎಂದಳು.

"ಪ್ರತಿ ವರ್ಷ ಹೇಳ್ತಾನೇ ಬಂದಿದೀನಲ್ಲ."

"ನೀವು 'ಚೆನ್ನಾಗಿದೆ' ಅಂತ ಹೇಳ್ತಿದ್ರಿ. ಬೆಚ್ಚಗಿದೆ ಅಂತ ಒಂದು ದಿನಾನೂ ಹೇಳ್ಲಿಲ್ಲ."

ವಾದ ಮಾಡುವ ಹೊತ್ತಲ್ಲ ಅದು. ನಾನು ಅವಳ ಪಕ್ಕದಲ್ಲಿ ನಿಂತೆ. ಮಾನೆಲ್ ಬಂದು ಅವಳ ಸೊಂಟ ತಬ್ಬಿಕೊಂಡಳು. ಸೋಪು ಹಿಡಿದು ಮರಳಿದ ಮಿಫ್ತಾಹ್ ದಂಡೆಯ ಮೇಲೆ ನಿಂತು, ಒದ್ದೆಯಾದ ತಾಯಿಯನ್ನು, ಒದ್ದೆಯಾದ ಟಗರನ್ನು, ನೀರಿನಲ್ಲಿ ಬಟ್ಟೆಸಮೇತ ನಿಂತ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ. ಆಮೇಲೆ ಟಗರಿಗೆ ಸೋಪು ಹಚ್ಚಲು ಕೂತ.

ಮರುದಿನ ಹಬ್ಬದ ಪ್ರಾರ್ಥನೆಗೆ ನಾನು ಮಾನೆಲ್‌ಳ ಹಳೆಯ ತಂಪು ಕನ್ನಡಕ ಹಾಕಿಕೊಂಡು ಹೋದೆ, ಬೇರೆ ಇರಲಿಲ್ಲ. ಕಸಾಯಿಯವನು ಓಣಿಯ ಮನೆಮನೆಗೂ ಹೋಗುತ್ತಾ ನಮ್ಮ ಅಂಗಳಕ್ಕೂ ಬಂದ. ಮಿಫ್ತಾಹ್ ಚಾಕು ಅವನ ಕೈಯಿಂದ ತೆಗೆದುಕೊಂಡು, ದೇವರ ಹೆಸರು ಹೇಳಿ, ತಂದೆ ಮಾಡುತ್ತಿದ್ದ ಕೆಲಸವನ್ನು ತಾನೇ ಮಾಡಿದ. ಹಾಜ್ಜಾ ಕೋಣೆಯ ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ಹೋಗಿ ಅವನ ಹಣೆಗೆ ಮುತ್ತು ಕೊಟ್ಟರು. ಬಡವರ ಪಾಲು ಯಾವ ಯಾವ ಮನೆಗೆ ಹೋಗಬೇಕು ಎಂದು ಲಲ್ಲಾ ಬೇಯಾ ಹೇಳಿದರು. ಮಾನೆಲ್ ಮತ್ತು ನಾನು ಹಂಚಿ ಬಂದೆವು. ಪ್ರತಿ ಮನೆಯವರೂ ತಟ್ಟೆಯನ್ನು ಖಾಲಿ ಕೊಡದೆ ಏನಾದರೂ ತುಂಬಿಸಿ ಕಳಿಸಿದರು.

ನಾವು ಬರುವಷ್ಟರಲ್ಲಿ ಅಂಗಳದಲ್ಲಿ ದೊಡ್ಡ ಚರ್ಚೆ. ಹಬ್ಬದ ಮೊದಲ ತುತ್ತು ಪಿತ್ತಜನಕಾಂಗದ್ದು, ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಅದನ್ನು ಕೊಬ್ಬಿನ ಪದರದಲ್ಲಿ ಸುತ್ತಿ ಕಡ್ಡಿಗೆ ಚುಚ್ಚಿ ಸುಡಬೇಕು ಎಂದು ವಾಸಿಲಾ. ಬಾಣಲೆಯಲ್ಲಿ ಈರುಳ್ಳಿ, ಮೆಣಸಿನ ಜೊತೆ ಬಾಡಿಸಬೇಕು ಎಂದು ಹಾಜ್ಜಾ. ಇಬ್ಬರಿಗೂ ಅಡುಗೆ ಗೊತ್ತಿಲ್ಲ, ಹರೀಸಾ ಖಾರ ಸವರದೆ ಒಲೆಯ ಮೇಲಿಟ್ಟರೆ ಅದು ರೋಗಿಗಳ ಊಟ ಎಂದು ಲಲ್ಲಾ ಬೇಯಾ. ಕೊನೆಗೆ ಮೂರು ಒಲೆ ಉರಿದವು. ಅಷ್ಟರಲ್ಲಿ ಬೇಯಾರ ತಮ್ಮ ಹೇದಿ, ಮನೆಯನ್ನು ಎರಡು ಸಲ ಬಾಡಿಗೆಗೆ ಕೊಟ್ಟ ಮಹಾಶಯ, ಹೆಗಲ ಮೇಲೆ ಕಲ್ಲಂಗಡಿ ಹೊತ್ತು, ತಲೆ ತಗ್ಗಿಸಿ ಬಂದ. ಅವನು ಬೈಗುಳಕ್ಕೆ ತಯಾರಾಗಿಯೇ ಬಂದಿದ್ದ. ವಾಸಿಲಾ ಅವನನ್ನು ತಲೆಯಿಂದ ಕಾಲಿನ ತನಕ ನೋಡಿದಳು.

"ನಿಮಗೆ ನನ್ನ ಬಾಯಿಂದ ಏನು ಬರಬೇಕಿತ್ತೋ ಅದನ್ನ ದೇವರು ತಡೆದಿದಾನೆ," ಎಂದಳು. "ಬೀಸಣಿಗೆ ತಗೊಳ್ಳಿ, ಕೆಂಡ ಆರ್ತಾ ಇದೆ."

ಅವನು ಸಂತೋಷದಿಂದ ಮೂರೂ ಒಲೆಗೆ ಗಾಳಿ ಹಾಕಿದ. ಸುಟ್ಟ ಮೊದಲ ಕಡ್ಡಿಯ ಮೇಲೆ ನಾನು ಉಪ್ಪು ಉದುರಿಸಲು ಹೋದಾಗ ಮಿಫ್ತಾಹ್ ಎಲ್ಲರ ಮುಂದೆ ಮೊದಲ ಸಲ ತಾನಾಗಿ ಬಾಯಿ ಬಿಟ್ಟ. "ಉಪ್ಪು ಹಾಕಬ್ಯಾಡ್ರಿ ಅಣ್ಣಾರ," ಎಂದ. "ಅದು ನಿನ್ನೆನ ಹಾಕ್ಕೊಂಡು ಬಂದೈತಿ."

ಒಂದು ಗಳಿಗೆ ಯಾರಿಗೂ ನಂಬಿಕೆ ಬರಲಿಲ್ಲ. ಹಾಜ್ಜಾ ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಮಗನನ್ನು ನೋಡಿದರು. ಆಮೇಲೆ ಅಂಗಳ ತುಂಬ ನಗು. ಗೋಡೆಯಾಚೆಯವರು ಇಣುಕಿ, ಏನಾಯಿತು ಎಂದು ಕೇಳಿ, ಅವರೂ ಒಳಗೆ ಬಂದರು. ಆ ದಿನ ಅಂಗಳಕ್ಕೆ ಎಷ್ಟು ಜನ ಬಂದು ಉಂಡುಹೋದರೋ ಯಾರೂ ಲೆಕ್ಕ ಇಡಲಿಲ್ಲ.

ಹಬ್ಬದ ಮೇಲೆ ಉಳಿದ ದಿನಗಳಲ್ಲಿ ನನ್ನ ಹೆಂಡತಿ ನನಗೆ ಸಿಕ್ಕಿದ್ದೇ ಕಡಿಮೆ. ಬೆಳಕು ಹರಿಯುವಾಗ ಮಹ್ದಿಯಾದ ಹೆಂಗಸರು ಗುಂಪುಗುಂಪಾಗಿ ಸಮುದ್ರಕ್ಕೆ ಇಳಿಯುತ್ತಾರೆ. ಆ ಹೊತ್ತಿನಲ್ಲಿ ದಂಡೆ ಅವರದೇ. ವಾಸಿಲಾ, ಹಾಜ್ಜಾ, ಲಲ್ಲಾ ಬೇಯಾ, ಮಾನೆಲ್ ಎಲ್ಲರೂ ಹೋಗುತ್ತಿದ್ದರು. ನಾನೂ ಮಿಫ್ತಾಹೂ ಮನೆಯಲ್ಲಿ ಕಾಫಿ ಕಾಯಿಸಿಟ್ಟು ಕಾಯುತ್ತಿದ್ದೆವು. ಬೆನ್ನ ಮೇಲೆ ತೇಲುವುದನ್ನು ಹಾಜ್ಜಾ ಅವಳಿಗೆ ಕಲಿಸಿದರಂತೆ. ನೀರಿನ ಜೊತೆ ಗುದ್ದಾಡಬೇಡ, ಮೈ ಬಿಟ್ಟುಕೊಡು, ಅದೇ ನಿನ್ನನ್ನು ಹೊರುತ್ತದೆ ಎಂದರಂತೆ. ಗುದ್ದಾಡದೆ ಇರುವುದು ವಾಸಿಲಾಗೆ ಈಜಿಗಿಂತ ಕಷ್ಟ. ಆದರೂ ಒಂದು ಬೆಳಿಗ್ಗೆ ಮಾನೆಲ್ ಓಡಿಬಂದು, ಅಮ್ಮ ತೇಲಿದಳು, ಆಕಾಶ ನೋಡಿಕೊಂಡು ತೇಲಿದಳು, ಹನ್ನಾ ಕೈ ಬಿಟ್ಟದ್ದು ಅವಳಿಗೆ ಗೊತ್ತೇ ಆಗಲಿಲ್ಲ ಎಂದು ಹೇಳಿದಳು. ಹಿಂದೆಯೇ ಬಂದ ವಾಸಿಲಾ ಏನೂ ಆಗದವಳಂತೆ ಕಾಫಿ ಕುಡಿದಳು. ಅವಳ ಕಿವಿಗಳು ಮಾತ್ರ ಕೆಂಪಗಾಗಿದ್ದವು.

ಹೊರಡುವ ದಿನ ಬಂತು. ಹಾಜ್ಜಾರ ಮೊಣಕಾಲು ನೋಡಿ ಸ್ಫಾಕ್ಸ್‌ನ ವೈದ್ಯರು ಸಂತೋಷಪಟ್ಟಿದ್ದರು. ಇನ್ನು ಅವರೂ ಮಿಸ್ರಾತಾಕ್ಕೆ ಮರಳುವವರಿದ್ದರು. ಬಾಗಿಲಲ್ಲಿ ಅವರೂ ವಾಸಿಲಾಳೂ ಬಹಳ ಹೊತ್ತು ತಬ್ಬಿಕೊಂಡು ನಿಂತರು.

"ನಮ್ಮೂರಿಗೂ ಸಮುದ್ರ ಐತಿ," ಎಂದರು ಹಾಜ್ಜಾ. "ಇದಕ್ಕಿಂತ ಚಲೋದು. ಬರೋ ಬ್ಯಾಸಿಗಿಗೆ ಬಾ. ನಿನ್ನ ಗಂಡನ್ನೂ ಕರಕೊಂಡು ಬಾ, ಅಡ್ಡಿ ಇಲ್ಲ."

ಮಿಫ್ತಾಹ್ ನನಗೆ ಚಹಾ ಹೊಯ್ಯುವ ಪಾತ್ರೆಗಳ ಜೋಡಿಯೊಂದನ್ನು ಕೊಟ್ಟ. ನಾನು ಅವನ ಕೈ ಹಿಡಿದುಕೊಂಡೆ. ಇಬ್ಬರಿಗೂ ಮಾತು ಹೊರಡಲಿಲ್ಲ. ನಮಗೆ ಅದು ಅಭ್ಯಾಸವಾಗಿತ್ತು.

ಬಂದ ದಾರಿಯಲ್ಲೇ ಹಿಂದಿರುಗೋಣ ಎಂದುಕೊಂಡಿದ್ದೆ. ವಾಸಿಲಾ ಬೇಡವೆಂದಳು, ಉತ್ತರದ ತೀರದ ರಸ್ತೆ ಹಿಡಿಯೋಣ ಎಂದಳು. ಸುತ್ತು ದಾರಿ, ಗಡಿ ದಾಟುವಾಗ ಕತ್ತಲಾಗುತ್ತದೆ, ಅಂಗಡಿ ತೆಗೆಯಬೇಕು ಎಂದೆಲ್ಲ ನಾನು ಹೇಳಿದೆ. ಅವಳು ಕೇಳಿಸಿಕೊಂಡಳು, ಅಷ್ಟೆ. ತಬರ್ಕಾದ ಹತ್ತಿರ ಬೆಟ್ಟದ ತಿರುವು ದಾಟಿದ್ದೇ ಕೆಳಗೆ ಸಮುದ್ರ ಹರಡಿಕೊಂಡಿತು, ಸಂಜೆಯ ಬಿಸಿಲಿಗೆ ತಾಮ್ರದ ತಟ್ಟೆಯ ಹಾಗೆ. ಮಾನೆಲ್ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದಳು. ನಮ್ಮ ದೇಶದ ಗಡಿ ಮುಟ್ಟುವ ಮುನ್ನ ಸಿಗುವ ಕೊನೆಯ ದಂಡೆ ಅದು.

"ಗಾಡಿ ನಿಲ್ಸಿ," ಎಂದಳು ವಾಸಿಲಾ.

ಏನಾಯಿತು, ಹೊಟ್ಟೆ ತೊಳಸುತ್ತಿದೆಯೇ ಎಂದು ಕೇಳಿದೆ. ಅವಳು ಮಗಳನ್ನು ತಟ್ಟಿ ಎಬ್ಬಿಸಿದಳು. ಇಬ್ಬರೂ ಚಪ್ಪಲಿ ಕಾರಿನಲ್ಲೇ ಬಿಟ್ಟು ಇಳಿದರು. ನಾನು ಗಾಡಿಯನ್ನು ನೆರಳಿಗೆ ಹಾಕಿ, ಹಬ್ಬ ಕಳೆದ ಮೇಲೆ ಮಹ್ದಿಯಾದಲ್ಲಿ ಮಾಡಿಸಿಕೊಂಡ ಹೊಸ ಕನ್ನಡಕವನ್ನು ಬಿಚ್ಚಿ ಜೋಪಾನವಾಗಿ ಒಳಗಿಟ್ಟು, ಪ್ಯಾಂಟು ಮಡಚಿಕೊಂಡು ಕೆಳಗೆ ಇಳಿಯುವಷ್ಟರಲ್ಲಿ ಅವರಿಬ್ಬರೂ ನೀರಿನಲ್ಲಿ ಬಹಳ ಮುಂದೆ ಹೋಗಿದ್ದರು. ಮಸುಕಾಗಿ ಎರಡು ತಲೆಗಳು ಕಾಣುತ್ತಿದ್ದವು. ಯಾವುದು ಹೆಂಡತಿ, ಯಾವುದು ಮಗಳು ಎಂದು ಗೊತ್ತಾಗಲಿಲ್ಲ. ಎರಡೂ ನನ್ನನ್ನು ಕೈ ಬೀಸಿ ಕರೆಯುತ್ತಿದ್ದವು.